ಹೆಬ್ಬೆರಳಿಗೇ ಮೊದಲ ಪಾಠ

ಅಮೆರಿಕದ ಎಲಿಜಬೆತ್ ಕಾಟನ್ ಬಾಲ್ಯದಲ್ಲೇ ಗಿಟಾರ್ ಕಲಿತವರು. ಮದುವೆಯಾದ ಮೇಲೆ ದಶಕಗಟ್ಟಲೆ ಬಿಟ್ಟೇಬಿಟ್ಟಿದ್ದರು. ಮನೆಗೆಲಸಕ್ಕಿದ್ದ ಸೀಗರ್ ಕುಟುಂಬದವರ ಮನೆಯಲ್ಲಿ ಗೋಡೆಗೆ ತೂಗಿದ್ದ ಗಿಟಾರನ್ನು ಇಳಿಸಿ ಮತ್ತೆ ನುಡಿಸಿದರು. ಮೊದಲ ಧ್ವನಿಮುದ್ರಿಕೆ ಬಂದದ್ದು 1958ರಲ್ಲಿ, ಅರವತ್ತು ದಾಟಿದ ಮೇಲೆ!

ನಿಮ್ಮ ಮನೆಯಲ್ಲೂ ಮಗನ ಗಿಟಾರ್ ಧೂಳು ಹಿಡಿಯುತ್ತಿದೆಯೇ? ಒರೆಸಿ ತನ್ನಿ. ಬಲಗೈ ಹೆಬ್ಬೆರಳಿಗೆ ಮೂರು ದಪ್ಪ ತಂತಿ. ತೋರುಬೆರಳು, ನಡುಬೆರಳು, ಉಂಗುರಬೆರಳಿಗೆ ಒಂದೊಂದು ತೆಳು ತಂತಿ. ಎಡಗೈ ಸದ್ಯಕ್ಕೆ ಬೇಡ. ಹೆಬ್ಬೆರಳು ಎರಡು ದಪ್ಪ ತಂತಿಗಳನ್ನು ಒಂದಾದ ಮೇಲೊಂದು ಮೀಟುತ್ತಿರಲಿ, ನಿಧಾನವಾಗಿ, ತಾಳ ತಪ್ಪದೆ. ಪಕ್ಕದಲ್ಲಿದ್ದವರೊಡನೆ ಮಾತಾಡುತ್ತಲೇ ಅದು ಸಾಗುವಂತಾಗಬೇಕು. ಅಲ್ಲಿಯವರೆಗೆ ಹಾಡಿನ ಆಸೆ ಬೇಡಿ. ಬಹಳ ಜನ ಅವಸರಪಟ್ಟೇ ಕೈಬಿಡೋದು. ಆಮೇಲೆ ಎಡಗೈಯಲ್ಲಿ ಕಾರ್ಡ್ ಹಿಡಿದು, ಹಾಡಿನ ಸ್ವರಗಳನ್ನು ತೆಳು ತಂತಿಗಳಲ್ಲಿ ಒಂದೊಂದಾಗಿ ಸೇರಿಸಿ.

ಎಡಗೈ ಬೆರಳ ತುದಿ ಕೆಲವು ವಾರ ಉರಿಯುತ್ತೆ. ಆಗ ಹಸಿಮೆಣಸಿನಕಾಯಿ ಹೆಚ್ಚೋ ಕೆಲಸ ಬೇರೆಯವರಿಗೆ ಬಿಡಿ!