ಭಂಗಾರದ ಅಂಗಡಿಯಲ್ಲಿಯ ಬಂಗಾರ

ನಮ್ಮ ಅಕ್ಕಲಕೋಟೆ, ಜತ್ತ ಸೀಮೆಯ ಜನರಿಗೆ ಎರಡು ಶಬ್ದಗಳು ಚೆನ್ನಾಗಿ ಗೊತ್ತು. ಕನ್ನಡದ ಬಂಗಾರವು ಬೀಗ ಹಾಕಿ ಇಡುವ ವಸ್ತು. ಮರಾಠಿಯಿಂದ ಬಂದ ಭಂಗಾರವು ತೂಕಕ್ಕೆ ಹಾಕಿ ಕೊಟ್ಟುಬಿಡುವ ವಸ್ತು. ನಡುವೆ ಒಂದು ಮಹಾಪ್ರಾಣದ ಅಂತರ ಮಾತ್ರ. ಕೆಟ್ಟ ಮೋಬಾಯಿಲ್ ಚಾರ್ಜರು, ಹಾಡದ ರೇಡಿಯೋ, ಹತ್ತದ ಎಲ್‌ಇಡಿ ಬಲ್ಬು, ಮೂಲೆಗೆ ಬಿದ್ದ ಸ್ಟೆಬಿಲೈಜರು ಇವೆಲ್ಲ ಎರಡನೆಯ ಜಾತಿಗೆ ಸೇರಿದವೆಂದು ನಾವು ಎಣಿಸುತ್ತೇವೆ. ಆದರೆ ಇಲೆಕ್ಟ್ರಾನಿಕ್ಸಿನ ಹವ್ಯಾಸ ಹತ್ತಿದ ಮಕ್ಕಳ ಕೈಗೆ ಸಿಕ್ಕರೆ ಇವುಗಳೊಳಗಿನ ಕೆಲವು ಭಾಗಗಳು ಮೊದಲನೆಯ ಜಾತಿಗೆ ಏರುವವು. ಯಾವವು ಏರುವವು, ಯಾವವು ಏರುವದಿಲ್ಲ, ಯಾವವನ್ನು ಮುಟ್ಟಲೇಬಾರದು ಎಂಬದನ್ನು ಇಲ್ಲಿ ತಿಳಿಸುವೆವು.

ಬೇಸಾಯದ ಪುಟದಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಇಂದು ರೈತನ ಮನೆಯಲ್ಲಿ ಪಂಪು, ಸ್ಟಾರ್ಟರು, ಸೌರದೀಪ, ಮೋಬಾಯಿಲು ಎಲ್ಲವೂ ಇವೆ. ಇವುಗಳಲ್ಲಿ ಒಂದು ತಂತಿ ಕಳಚಿದರೂ ತಾಲೂಕಿನ ಊರಿಗೆ ಹೋಗಬೇಕು. ರಿಪೇರಿಯ ಹಣವಲ್ಲದೆ ಒಂದು ದಿನದ ದುಡಿಮೆಯೂ ಹೋಗುವದು. ಮನೆಯ ಮಗನಿಗೋ ಮಗಳಿಗೋ ಮೀಟರು ಹಿಡಿದು ನೋಡಲು ಬಂದರೆ ಈ ಅಲೆದಾಟದಲ್ಲಿ ಅರ್ಧ ತಪ್ಪುವದು. ಆದರೆ "ಅದು ಶಹರದ ಶ್ರೀಮಂತರ ಆಟ, ನಮಗೆಲ್ಲಿ ಸಾಧ್ಯ?" ಎಂದು ನಾವೇ ಮಕ್ಕಳನ್ನು ಹೊಸ್ತಿಲಲ್ಲಿ ತಡೆಯುತ್ತೇವೆ. ಗಡಿಯಾಚೆಯ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ. ಕೈಗೆ ಸಾಮಾನು ಸಿಗುವದಿಲ್ಲ, ಅಷ್ಟೇ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬಂತೆ ಸಾಮಾನನ್ನು ಸ್ವಲ್ಪಸ್ವಲ್ಪವಾಗಿ ಕೂಡಿಹಾಕಬಹುದು.

ಮುಖ್ಯ ಸೂತ್ರ

ಹೊಸದಾಗಿ ಕೊಂಡರೆ ದುಬಾರಿಯಾಗುವದನ್ನು ಹಳೆಯದರಿಂದ ತೆಗೆಯಿರಿ. ಹೊಸದೇ ಅಗ್ಗವಾಗಿರುವದನ್ನು ಕೊಂಡುಕೊಳ್ಳಿರಿ. ಇದೇ ಮುಖ್ಯ ಸೂತ್ರ. ಹೊಸಬರು ಇದನ್ನು ತಿಳಿಯದೆ ಹಳೆಯ ಹಲಗೆಯಿಂದ ಒಂದೊಂದೇ ರೆಜಿಸ್ಟರನ್ನು ಕೀಳುತ್ತ ಕುಳಿತುಕೊಳ್ಳುವರು. ಹೊಸ ರೆಜಿಸ್ಟರಿನ ಬೆಲೆ ಒಂದು ರೂಪಾಯಿಯ ಆಸುಪಾಸಿನದು. ಅದನ್ನು ಕಾಯಿಸಿ ಕೀಳಲು ಹಿಡಿಯುವ ಹೊತ್ತು, ಸೀಸ, ವಿದ್ಯುತ್ತು ಅದಕ್ಕಿಂತ ಹೆಚ್ಚಿನವು. ಕಿತ್ತ ಮೇಲೆ ಕಾಲುಗಳೂ ಗಿಡ್ಡವಾಗಿರುವವು.

ಹಳೆಯದರಿಂದ ತೆಗೆಯತಕ್ಕವು ಇವು: ರೇಡಿಯೋ ಮತ್ತು ಆಟಿಗೆಗಳ ಸ್ಪೀಕರು, ಸ್ಟೆಬಿಲೈಜರಿನ ಟ್ರಾನ್ಸ್‌ಫಾರ್ಮರು ಮತ್ತು ರಿಲೇ, ಕೆಟ್ಟ ಡಿವಿಡಿ ಯಂತ್ರದ ಚಿಕ್ಕ ಮೋಟಾರುಗಳು, ಎಲ್ಲ ತರದ ಸ್ವಿಚ್ಚುಗಳು, ಬ್ಯಾಟರಿ ದೀಪದ ಸೆಲ್ಲಿನ ಮನೆ, ಶಾಖ ಹೀರುವ ಅಲ್ಯುಮಿನಿಯಂ ತುಂಡು, ಸ್ಕ್ರೂ, ಟೆಲಿಫೋನು ಕೇಬಲಿನ ತೆಳು ತಂತಿ, ಪ್ಲಾಸ್ಟಿಕ್ ಡಬ್ಬಿ. ಧಾರವಾಡದ ಆಕಾಶವಾಣಿ ಕೇಂದ್ರವು ೧೯೫೦ರಲ್ಲಿ ಆರಂಭವಾದಂದಿನಿಂದ ನಮ್ಮ ಭಾಗದ ಎಷ್ಟೋ ಮನೆಗಳಿಗೆ ರೇಡಿಯೋ ಬಂದವು. ಅಟ್ಟದ ಮೇಲೆ ಸುಮ್ಮನೆ ಬಿದ್ದಿರುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಸ್ಪೀಕರು, ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿ, ಸೆಲ್ಲಿನ ಮನೆ, ತಾಮ್ರದ ಸುರುಳಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ನಾಲ್ಕೂ ಒಂದೇ ಕಡೆ ಸಿಗುವವು.

ಹೊಸದಾಗಿ ಕೊಳ್ಳತಕ್ಕವು ಇವು: ರೆಜಿಸ್ಟರು, ಕೆಪ್ಯಾಸಿಟರು, ಚಿಕ್ಕ ಎಲ್‌ಇಡಿ, ಬಿಸಿ ೫೪೭ ಟ್ರಾನ್ಸಿಸ್ಟರು, ೧ಎನ್ ೪೦೦೭ ಡಯೋಡು. ಇವೆಲ್ಲ ಬಿಡಿಯಾಗಿ ಒಂದೆರಡು ರೂಪಾಯಿಯ ಮಾತು. ಸಿಲಿಂಡರಿನ ಆಕಾರದ ಹಳೆಯ ಇಲೆಕ್ಟ್ರೊಲೈಟಿಕ್ ಕೆಪ್ಯಾಸಿಟರನ್ನಂತೂ ತೆಗೆದಿಡಲೇಬಾರದು. ವರ್ಷ ಕಳೆದಂತೆ ಅದರೊಳಗಿನ ದ್ರವ ಆರುವದು, ತಲೆ ಉಬ್ಬುವದು. ನಿಮ್ಮ ಉಪಕರಣ ಏಕೆ ನಡೆಯಲಿಲ್ಲವೆಂದು ಎರಡು ದಿನ ಹುಡುಕುವ ಪ್ರಸಂಗ ಬರುವದು.

ಎಲ್ಲಿ ಸಿಗುವವು?

ಮೊದಲು ಸ್ವಂತ ಮನೆ, ಅನಂತರ ನೆರೆಮನೆ. ಮೂರನೆಯದು ತಾಲೂಕಿನ ಊರಿನ ಮೋಬಾಯಿಲ್ ಮತ್ತು ಟಿವಿ ರಿಪೇರಿಯವರು. ದುರಸ್ತಿಯಾಗದ ಹಲಗೆಗಳು ಅವರಲ್ಲಿ ರಾಶಿ ಬಿದ್ದಿರುವವು. ವಿನಯದಿಂದ ಕೇಳಿದರೆ ತೂಕದ ಬೆಲೆಗೆ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಕೊಡುವರು. ಅವರ ಹತ್ತಿರ ಒಂದು ತಾಸು ಕುಳಿತು ನೋಡುವದು ಪುಸ್ತಕ ಓದಿದ್ದಕ್ಕಿಂತ ಕಡಿಮೆಯ ಪಾಠವಲ್ಲ. ನಾಲ್ಕನೆಯದು ಭಂಗಾರದ ಅಂಗಡಿ.

ಹೊಸ ಸಾಮಾನಿಗೆ ಪುಣೆಯ ಬುಧವಾರ ಪೇಠೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಬೆಂಗಳೂರಿನ ಎಸ್‌.ಪಿ. ರಸ್ತೆ ಹೆಸರಾದ ಪೇಟೆಗಳು. ಅಂಚೆಯಿಂದ ತರಿಸುವದಾದರೆ ಸಾಗಣೆಯ ಖರ್ಚು ಸಾಮಾನಿನ ಬೆಲೆಯನ್ನು ಮೀರುವದುಂಟು. ಆದ್ದರಿಂದ ಐದಾರು ಮಕ್ಕಳು ಕೂಡಿ ಒಂದೇ ಯಾದಿ ಮಾಡಿ ತರಿಸಬೇಕು. ಇಲ್ಲವೆ ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವ ಊರವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಬೇಕು. ಚೀಟಿಯಲ್ಲಿ ಹೆಸರು ಮತ್ತು ನಂಬರು ತಪ್ಪಿಲ್ಲದೆ ಬರೆದಿರಬೇಕು.

ಹಣ ಖರ್ಚು ಮಾಡಲೇಬೇಕಾದ ವಸ್ತುಗಳು ಎರಡು. ಒಂದು, ಕಡಿಮೆ ಬೆಲೆಯ ಡಿಜಿಟಲ್ ಮೀಟರು. ಇನ್ನೊಂದು, ೨೫ ವ್ಯಾಟಿನ ಸೋಲ್ಡರಿಂಗ್ ಐರನ್ನು. ಇವನ್ನು ಶಾಲೆಗೊಂದು, ಓಣಿಗೊಂದು ಎಂದು ಕೂಡಿ ಕೊಂಡರೂ ನಡೆಯುವದು.

ಮುಟ್ಟಬಾರದ ವಸ್ತುಗಳು

ಈ ಭಾಗವನ್ನು ತಂದೆತಾಯಿಗಳು ಎರಡು ಸಲ ಓದಬೇಕು. ಹಳೆಯ ದಪ್ಪ ಟಿವಿಯನ್ನು ಮಕ್ಕಳು ಬಿಚ್ಚಬಾರದು. ಅದರ ಗಾಜಿನ ಕೊಳವೆಗೆ ೨೦,೦೦೦ ವೋಲ್ಟಿಗೂ ಮಿಕ್ಕಿದ ಒತ್ತಡ ಹೋಗುವದು. ಸ್ವಿಚ್ಚು ತೆಗೆದ ಮೇಲೂ ಅದು ಉಳಿದಿರಬಹುದು. ಗಾಜಿನಲ್ಲಿ ಸೀಸವೂ ಇರುವದು. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಲ್ಲಿ ಮನೆಯ ೨೩೦ ವೋಲ್ಟು ಸುಮಾರು ೩೨೫ ವೋಲ್ಟಾಗಿ ದೊಡ್ಡ ಕೆಪ್ಯಾಸಿಟರಿನಲ್ಲಿ ಕೂಡಿರುವದು. ವಾಯರು ಕಿತ್ತ ತಕ್ಷಣ ಅದು ಸತ್ತಿತೆಂದು ತಿಳಿಯಬಾರದು; ಬಲ್ಲ ದೊಡ್ಡವರು ಮೀಟರಿನಿಂದ ನೋಡಿಯೇ ಮುಂದುವರಿಯಬೇಕು. ಅನೇಕ ಎಲ್‌ಇಡಿ ಬಲ್ಬುಗಳ ಒಳಹಲಗೆಗೆ ಮನೆಯ ವಿದ್ಯುತ್ತಿನ ನೇರ ಸಂಬಂಧವಿರುವದರಿಂದ ಬಿಚ್ಚಿದ ಬಲ್ಬನ್ನು ಹೋಲ್ಡರಿಗೆ ಹಾಕಿ ಪರೀಕ್ಷಿಸುವದು ಪ್ರಾಣಾಪಾಯ. ಸುರುಳಿಯ ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸವಿದೆ; ಅದನ್ನು ಒಡೆಯಬಾರದು. ಮೋಬಾಯಿಲು, ಲ್ಯಾಪ್‌ಟಾಪುಗಳ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದು ಬೆಂಕಿಯ ಕಿಡಿ ಇದ್ದಂತೆ. ಚುಚ್ಚುವದು, ಬಿಚ್ಚುವದು ಎರಡೂ ಕೂಡದು.

ತಾಮ್ರಕ್ಕಾಗಿ ವಾಯರು ಸುಡುವ ರೂಢಿ ನಮ್ಮ ಕಡೆಗೆ ಇದೆ. ಆ ಕಪ್ಪು ಹೊಗೆ ವಿಷ. ಸುಲಿದು ತೆಗೆಯಿರಿ, ಸುಡಬೇಡಿರಿ. ಬೆಸುಗೆಯ ಕೆಲಸವನ್ನು ಗಾಳಿಯಾಡುವಲ್ಲಿ ಮಾಡಬೇಕು. ಸೀಸವಿರುವದರಿಂದ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು.

ಪರೀಕ್ಷೆ ಮತ್ತು ಜೋಪಾನ

ತೆಗೆದ ವಸ್ತುವನ್ನು ಪರೀಕ್ಷಿಸಿಯೇ ಇಡಬೇಕು. ಮೀಟರನ್ನು ಡಯೋಡಿನ ಗುರುತಿಗೆ ಇಟ್ಟು ಡಯೋಡಿಗೆ ಹಿಡಿದರೆ ಒಂದು ದಿಕ್ಕಿಗೆ ೦.೫ರಿಂದ ೦.೭ರ ಒಳಗೆ ತೋರಿಸಿ, ತಿರುವಿ ಹಿಡಿದಾಗ ಏನೂ ತೋರಿಸದಿದ್ದರೆ ಅದು ಒಳ್ಳೆಯದು. ಎರಡೂ ದಿಕ್ಕಿಗೆ ಸೊನ್ನೆ ಬಂದರೆ ಎಸೆಯಿರಿ. ಸ್ಪೀಕರಿಗೆ ಒಂದು ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ 'ಟಕ್' ಎನ್ನಬೇಕು.

ರೆಜಿಸ್ಟರಿನ ಬಣ್ಣದ ಪಟ್ಟಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕು: ಕಪ್ಪು ೦, ಕಂದು ೧, ಕೆಂಪು ೨, ಕಿತ್ತಳೆ ೩, ಹಳದಿ ೪, ಹಸಿರು ೫, ನೀಲಿ ೬, ನೇರಳೆ ೭, ಬೂದಿ ೮, ಬಿಳಿ ೯. ನಾಲ್ಕು ಪಟ್ಟಿಯದರಲ್ಲಿ ಮೊದಲಿನ ಎರಡು ಅಂಕೆಗಳು, ಮೂರನೆಯದು ಮುಂದಿನ ಸೊನ್ನೆಗಳ ಸಂಖ್ಯೆ. ಕಂದು, ಕಪ್ಪು, ಕೆಂಪು ಎಂದರೆ ೧೦ರ ಮುಂದೆ ಎರಡು ಸೊನ್ನೆ, ಅಂದರೆ ೧,೦೦೦ ಓಮ್. ನಾಲ್ಕನೆಯ ಪಟ್ಟಿ ಬಂಗಾರದ ಬಣ್ಣದ್ದಿದ್ದರೆ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದೆಂದು ಅರ್ಥ. ಖಾಲಿ ಕಡ್ಡಿಪೆಟ್ಟಿಗೆಗಳನ್ನು ಸಾಲಾಗಿ ಅಂಟಿಸಿ, ಮೇಲೆ ಕನ್ನಡದಲ್ಲಿ ಹೆಸರು ಬರೆದರೆ ಒಳ್ಳೆಯ ಭಂಡಾರವಾಗುವದು.

ಮೊದಲ ಉಪಕರಣ: ಟಾಕಿ ತುಂಬಿದ ಕೂಗು

ಕೂಡಿಹಾಕಿದ್ದು ಕೆಲಸಕ್ಕೆ ಬಾರದಿದ್ದರೆ ಮನೆಯಲ್ಲಿ ಕಸ ಹೆಚ್ಚಿತು, ಅಷ್ಟೇ. ಆದ್ದರಿಂದ ಮೊದಲು ಮಾಡತಕ್ಕ ಒಂದು ಉಪಕರಣ ಹೇಳುವೆವು. ನಿಮಿಷಕ್ಕೆ ೩೦ ಲೀಟರು ಎತ್ತುವ ಪಂಪು ಟಾಕಿ ತುಂಬಿದ ಮೇಲೂ ಹತ್ತು ನಿಮಿಷ ನಡೆದರೆ ೩೦೦ ಲೀಟರು ನೀರು ಅಂಗಳದ ಪಾಲು. ಬೇಸಿಗೆಯಲ್ಲಿ ಬೋರಿನ ತಳ ಕಾಣುವ ನಮ್ಮ ಸೀಮೆಯಲ್ಲಿ ಇದು ಚಿಕ್ಕ ಲೆಕ್ಕವಲ್ಲ.

ಬೇಕಾದದ್ದು: ಬಿಸಿ ೫೪೭ ಒಂದು, ೧,೦೦೦ ಓಮಿನ ರೆಜಿಸ್ಟರು ಒಂದು, ೩ರಿಂದ ೫ ವೋಲ್ಟಿಗೆ ತಾನಾಗಿಯೇ ಕೂಗುವ ಬಜರು ಒಂದು, ಪೆನ್ನಿನಾಕಾರದ ಸೆಲ್ಲು ಮೂರು. ಇಷ್ಟು ಮಾತ್ರ ಕೊಳ್ಳತಕ್ಕದ್ದು. ತಂತಿ, ಸೆಲ್ಲಿನ ಮನೆ, ಸ್ವಿಚ್ಚು, ಡಬ್ಬಿ, ಎರಡು ಸ್ಟೀಲಿನ ಚಮಚೆ ಹಳೆಯವು.

ಜೋಡಣೆ ಹೀಗೆ: ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರು, ಬೇಸು, ಎಮಿಟರು. ಸೆಲ್ಲಿನ ಧನ ತುದಿಯಿಂದ ಸ್ವಿಚ್ಚಿನ ಮೂಲಕ ಒಂದು ತಂತಿ ಬಜರಿನ ಧನ ಕಾಲಿಗೆ, ಇನ್ನೊಂದು ಮೊದಲನೆಯ ಚಮಚೆಗೆ. ಬಜರಿನ ಋಣ ಕಾಲು ಕಲೆಕ್ಟರಿಗೆ. ಎರಡನೆಯ ಚಮಚೆಯಿಂದ ಬಂದ ತಂತಿ ರೆಜಿಸ್ಟರಿನ ಮೂಲಕ ಬೇಸಿಗೆ. ಎಮಿಟರು ಸೆಲ್ಲಿನ ಋಣ ತುದಿಗೆ. ಚಮಚೆಗಳೆರಡನ್ನು ಒಂದಕ್ಕೊಂದು ತಾಗದಂತೆ ಬೆರಳಂತರದಲ್ಲಿ ಕಟ್ಟಿ, ಪ್ಲಾಸ್ಟಿಕ್ ಟಾಕಿಯಲ್ಲಿ ತುಂಬಿದ ಗುರುತಿನ ತುಸು ಕೆಳಗೆ ತೂಗಬಿಡಬೇಕು. ಬೆಸುಗೆಯ ಜಾಗ ನೀರಿಗೆ ತಾಗಬಾರದು.

ಇದು ನಡೆಯುವ ಬಗೆ ಸರಳ. ಬೋರಿನ ನೀರಿನಲ್ಲಿ ಕರಗಿದ ಲವಣಗಳಿರುವದರಿಂದ ಅದರೊಳಗಿಂದ ಅತ್ಯಲ್ಪ ವಿದ್ಯುತ್ತು ಹರಿಯುವದು. ಆ ಅಲ್ಪ ಪ್ರವಾಹಕ್ಕೆ ಬಜರು ಕೂಗದು. ಆದರೆ ಅದು ಬೇಸಿಗೆ ಮುಟ್ಟಿದೊಡನೆ ಟ್ರಾನ್ಸಿಸ್ಟರು ಬಾಗಿಲು ತೆರೆದು ನೂರಾರು ಪಟ್ಟು ಪ್ರವಾಹವನ್ನು ಬಜರಿನ ಮೂಲಕ ಬಿಡುವದು. ಕಾಲುವೆಯ ಚಿಕ್ಕ ತೂಬು ಎತ್ತಿದರೆ ದೊಡ್ಡ ನೀರು ಹರಿದಂತೆ. ನೀರು ಮುಟ್ಟದಾಗ ಸೆಲ್ಲು ಹೆಚ್ಚುಕಡಿಮೆ ಖರ್ಚಾಗುವದೇ ಇಲ್ಲ. ಸೆಲ್ಲಿನ ಬದಲು ಮೋಬಾಯಿಲ್ ಚಾರ್ಜರು ಜೋಡಿಸುವ ಆಸೆಗೆ ಬೀಳಬೇಡಿರಿ. ಅಗ್ಗದ ಚಾರ್ಜರು ಒಳಗೆ ಕೆಟ್ಟರೆ ಮನೆಯ ವಿದ್ಯುತ್ತು ಟಾಕಿಯ ನೀರಿಗೆ ಇಳಿಯಬಹುದು.

ಈ ದೀಪಾವಳಿಗೆ ಮನೆ ಸಾರಿಸಿ ಅಟ್ಟ ಸ್ವಚ್ಛ ಮಾಡುವಾಗ ಕೆಟ್ಟ ಸಾಮಾನನ್ನೆಲ್ಲ ಒಮ್ಮೆಲೆ ಭಂಗಾರದವನಿಗೆ ತೂಗಬೇಡಿರಿ. ಮೊದಲು ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಕೂಡಿಸಿ, ಕರೆದು ಮುಂದೆ ಕೂಡ್ರಿಸಿ ಮೇಲಿನ ಸೂತ್ರದಂತೆ ಮೂರು ಪಾಲು ಮಾಡಿಸಿರಿ: ಇಟ್ಟುಕೊಳ್ಳುವದು, ತೂಕಕ್ಕೆ ಕೊಡುವದು, ಮುಟ್ಟದೆ ಬಲ್ಲವರಿಗೆ ಒಪ್ಪಿಸುವದು. ಮೊದಲ ಪಾಲಿನಿಂದ ಒಂದು ಟಾಕಿ ಕೂಗಿದರೂ ಅಟ್ಟ ಏರಿದ ಶ್ರಮ ಸಾರ್ಥಕ.