ಸೈನ್ಯದ ವಿಸರ್ಜನೆ: ಬ್ರಿಟನ್ನಿನ ಎರಡು ಯೋಜನೆಗಳು

ಯುದ್ಧವು ನಿಂತೊಡನೆಯೇ ಸೈನಿಕನು ಮನೆಗೆ ಮರಳುವನೆಂದು ಭಾವಿಸುವುದು ಸಹಜ. ಆದರೆ ಲಕ್ಷಾಂತರ ಜನರನ್ನು ಒಮ್ಮೆಗೇ ಬಿಡುಗಡೆ ಮಾಡಲು ಹಡಗುಗಳೂ ಸಾಲವು, ಉದ್ಯೋಗಗಳೂ ಸಾಲವು. ಆದುದರಿಂದ ಯಾರು ಮೊದಲು, ಯಾರು ಅನಂತರ ಎಂಬುದನ್ನು ಸರಕಾರವು ನಿರ್ಣಯಿಸಬೇಕಾಗುತ್ತದೆ. ಬ್ರಿಟನ್ನು ಎರಡು ಮಹಾಯುದ್ಧಗಳ ಕೊನೆಯಲ್ಲಿ ಇದನ್ನು ಎರಡು ಬಗೆಯಾಗಿ ನಿರ್ಣಯಿಸಿತು.

೧೯೧೮ರ ನವೆಂಬರ್ ೧೧ರಂದು ಕದನವಿರಾಮವಾದಾಗ ಸಿದ್ಧವಾಗಿದ್ದ ಯೋಜನೆಯು ಕೈಗಾರಿಕೆಯ ಹಿತವನ್ನೇ ಪ್ರಧಾನವಾಗಿ ಗಣಿಸಿತ್ತು. ಕಾರ್ಖಾನೆಗಳನ್ನು ಮತ್ತೆ ನಡೆಯಿಸಲು ಅತ್ಯವಶ್ಯಕರಾದವರೂ ಹಳೆಯ ಧಣಿಯಿಂದ ಕೆಲಸದ ಭರವಸೆಯ ಪತ್ರ ಪಡೆದವರೂ ಮೊದಲು ಹೊರಡತಕ್ಕದ್ದು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದನ್ನು ಆಕ್ಷೇಪಿಸುವುದು ಕಷ್ಟ. ಆದರೆ ಅಂತಹ ಕುಶಲರಲ್ಲಿ ಅನೇಕರು ಸೈನ್ಯಕ್ಕೆ ಸೇರಿದ್ದುದೇ ಕಟ್ಟಕಡೆಗೆ. ಹೀಗಾಗಿ ನಿನ್ನೆ ಬಂದವನು ಊರಿಗೆ ಹೊರಟನು, ೧೯೧೪ರಿಂದ ಕಂದಕದಲ್ಲಿದ್ದವನು ಅಲ್ಲಿಯೇ ಉಳಿದನು. ೧೯೧೯ರ ಜನವರಿ ೩ರಂದು ಫೋಕ್‌ಸ್ಟನ್ ಬಂದರಿನಲ್ಲಿ ಸಹಸ್ರಾರು ಸೈನಿಕರು ಫ್ರಾನ್ಸಿಗೆ ಹೋಗುವ ಹಡಗನ್ನು ಹತ್ತಲು ನಿರಾಕರಿಸಿದರು. ಅದೇ ತಿಂಗಳು ಯುದ್ಧಸಚಿವರಾದ ಚರ್ಚಿಲ್ಲರು ಆ ಯೋಜನೆಯನ್ನು ಬದಿಗಿಟ್ಟು, ೧೯೧೬ಕ್ಕೆ ಮೊದಲು ಸೇರಿದವರು, ೩೭ ವರ್ಷ ಮೀರಿದವರು, ಎರಡಕ್ಕಿಂತ ಹೆಚ್ಚು ಬಾರಿ ಗಾಯಗೊಂಡವರು ಇವರಿಗೆ ಪ್ರಾಶಸ್ತ್ಯವಿತ್ತರು.

ಈ ಅನುಭವವು ವ್ಯರ್ಥವಾಗಲಿಲ್ಲ. ಕಾರ್ಮಿಕ ಸಚಿವರಾಗಿದ್ದ ಅರ್ನೆಸ್ಟ್ ಬೆವಿನ್ನರು ೧೯೪೪ರ ಸೆಪ್ಟೆಂಬರಿನಲ್ಲಿ, ಯುದ್ಧವು ಇನ್ನೂ ನಡೆಯುತ್ತಿರುವಾಗಲೇ, ಹೊಸ ಯೋಜನೆಯನ್ನು ಪ್ರಕಟಿಸಿದರು. ಅದರ ತಿರುಳು ಒಂದು ಸರಳವಾದ ಲೆಕ್ಕ: ಎರಡು ತಿಂಗಳ ಸೇವೆಯು ಒಂದು ವರ್ಷದ ವಯಸ್ಸಿಗೆ ಸಮ. ೨೨ ವರ್ಷದ ತರುಣನು ನಾಲ್ಕು ವರ್ಷ ಸೇವೆ ಮಾಡಿದ್ದರೆ ಅವನ ೪೮ ತಿಂಗಳುಗಳು ೨೪ ವರ್ಷಗಳೆನಿಸಿ ಮೊತ್ತವು ೪೬ ಆಗುವುದು. ೪೦ ವರ್ಷದವನ ಸೇವೆ ಒಂದೇ ವರ್ಷವಾಗಿದ್ದರೂ ಮೊತ್ತವು ಅಷ್ಟೇ. ಆದಕಾರಣ ಇಬ್ಬರಿಗೂ ಒಂದೇ ಸರದಿ. ಸಾಮಾನ್ಯ ಸಿಪಾಯಿಯೂ ಕಾಗದದ ಚೂರೊಂದರ ಮೇಲೆ ತನ್ನ ಸ್ಥಾನವನ್ನು ತಾನೇ ಗುಣಿಸಿ ನೋಡಬಹುದಾಗಿದ್ದಿತು. ಯೋಜನೆಯ ನಿಜವಾದ ಹೆಚ್ಚಳವು ಇದೇ ಎಂದು ನನ್ನ ಅಭಿಪ್ರಾಯ. ಮನೆ ಕಟ್ಟುವ ಕೆಲಸಗಾರರಂತಹವರನ್ನು ಸರದಿಗೆ ಮೊದಲೇ ಬಿಡಲು ಅವಕಾಶವಿದ್ದಿತಾದರೂ ಅವರಿಗೆ ವೇತನಸಹಿತ ರಜೆಯು ಮೂರು ವಾರ ಮಾತ್ರ. ಸರದಿಯಂತೆ ಹೊರಟವರಿಗೆ ಎಂಟು ವಾರ.

೧೯೪೫ರ ಜೂನ್ ೧೮ರಂದು ಬಿಡುಗಡೆಯು ಆರಂಭವಾಯಿತು. ಹೊರಟವನಿಗೆ ಸರಕಾರವೇ ಒಂದು ಜೊತೆ ನಾಗರಿಕ ಉಡುಪನ್ನು ಕೊಟ್ಟಿತು. ಹಳೆಯ ಧಣಿಯು ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ೧೯೪೪ರ ಶಾಸನವು ವಿಧಿಸಿದ್ದಿತು, ಆದರೆ ನಿಯತಾವಧಿಗೆ ಮಾತ್ರ.

ಲೆಕ್ಕವನ್ನು ಒಪ್ಪಿದವರೂ ಬಿಡುಗಡೆಯ ವೇಗವನ್ನು ಒಪ್ಪಲಿಲ್ಲ. ೧೯೪೬ರ ಜನವರಿಯಲ್ಲಿ ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಬ್ರಿಟಿಷ್ ವಾಯುದಳದವರೇ ಕೆಲಸ ನಿಲ್ಲಿಸಿದರು. ಮುಷ್ಕರವು ಭಾರತದ ಇತರ ನೆಲೆಗಳಿಗೂ ಸಿಂಹಳ, ಸಿಂಗಪುರಗಳಿಗೂ ಹಬ್ಬಿತು. ಮರುತಿಂಗಳು ಮುಂಬಯಿಯಲ್ಲಿ ದಂಗೆಯೆದ್ದ ಭಾರತೀಯ ನಾವಿಕರ ಬೇಡಿಕೆಗಳಲ್ಲಿಯೂ ಶೀಘ್ರ ಬಿಡುಗಡೆ ಮತ್ತು ತರುವಾಯದ ಉದ್ಯೋಗ ಸೇರಿದ್ದವು.

ಊರು ಸೇರಿದವರಿಗಾದರೋ ವಸತಿಯೇ ದುರ್ಲಭವಾಯಿತು. ಬಾಂಬುಗಳು ಕೆಡವಿದ ಮನೆಗಳು ಇನ್ನೂ ಎದ್ದಿರಲಿಲ್ಲ. ೧೯೪೬ರ ಬೇಸಿಗೆಯಲ್ಲಿ ಬ್ರಿಟನ್ನಿನ ಸಹಸ್ರಾರು ಜನರು ತೆರವಾದ ಸೈನಿಕ ಶಿಬಿರಗಳನ್ನು ಅಪ್ಪಣೆಯಿಲ್ಲದೆಯೇ ಹೊಕ್ಕು ಸಂಸಾರ ಹೂಡಿದರು. ಅವರಲ್ಲಿ ಆಗತಾನೆ ಸಮವಸ್ತ್ರವನ್ನು ಕಳಚಿದವರೂ ಇದ್ದರು.