ಸೈಥಾನ್ ಭಾಷೆಯಲ್ಲಿ ವಸ್ತುವಿನ ಆರಂಭಸಂಸ್ಕಾರ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವೇ ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯೊಂದನ್ನು ಸ್ಮರಿಸುತ್ತದೆ. ಇಲ್ಲಿನ ಕೆರೆಗಳ ನೀರಿನ ಮಟ್ಟವನ್ನು ಪ್ರತಿದಿನವೂ ಗಣಕದಲ್ಲಿ ದಾಖಲಿಸಬೇಕೆಂದು ಭಾವಿಸೋಣ. ಪೈಥಾನ್ ಭಾಷೆ ಸುಲಭವಾದರೂ ಮಂದಗತಿಯದು. ಆದುದರಿಂದ ಲೆಕ್ಕದ ಭಾರವುಳ್ಳ ಭಾಗವನ್ನು ಸೈಥಾನಿನಲ್ಲಿ ಬರೆದು, ಸಿ ಭಾಷೆಯ ಮೂಲಕ ಯಂತ್ರಸಂಕೇತವಾಗಿ ಮಾರ್ಪಡಿಸುವುದು ರೂಢಿ. ಹೀಗೆ ‘ಕೆರೆ’ ಎಂಬ ವರ್ಗವೊಂದನ್ನು ರಚಿಸಿದರೆ, ಅದರ ಪ್ರತಿಯೊಂದು ವಸ್ತುವಿಗೂ ವರ್ಷದ 366 ಅಂಕಿಗಳಿಗಾಗಿ, ತಲಾ 8 ಬೈಟಿನಂತೆ, 2,928 ಬೈಟುಗಳ ಸ್ಮೃತಿ ಬೇಕು.

ಈ ಸ್ಮೃತಿಯನ್ನು ಪಡೆಯುವುದು ಯಾವಾಗ? ಪೈಥಾನ್ ಬಲ್ಲವರು ಅಭ್ಯಾಸಬಲದಿಂದ ‘ಇನಿಟ್’ ವಿಧಾನದಲ್ಲಿ ಎಂದಾರು. ಅಪಾಯವಿರುವುದು ಅಲ್ಲಿಯೇ. ವಿದ್ಯಾರ್ಥಿಯೊಬ್ಬನು ‘ಕೆರೆ’ಯಿಂದ ಉಪವರ್ಗವೊಂದನ್ನು ರಚಿಸಿ, ತನ್ನದೇ ಇನಿಟ್ ಬರೆದು, ಮಾತೃವರ್ಗದ ಇನಿಟನ್ನು ಕರೆಯಲು ಮರೆತನೆನ್ನಿ. ಅಂಕಿಗಳಿಗೆ ಸ್ಥಳವೇ ಇಲ್ಲದ ಕೆರೆ ಹುಟ್ಟುತ್ತದೆ. ಅದರ ಮಟ್ಟವನ್ನು ಓದಹೊರಟರೆ ಶೂನ್ಯವಿಳಾಸಕ್ಕೆ ಕೈಯಿಟ್ಟಂತಾಗಿ, ಇಡೀ ಕ್ರಮವಿಧಿಯೇ ಥಟ್ಟನೆ ಸಾಯುತ್ತದೆ. ಶುದ್ಧ ಪೈಥಾನಿನಲ್ಲಾದರೆ ದೋಷದ ವಿವರಣೆಯಾದರೂ ದೊರೆಯುತ್ತಿತ್ತು. ಇಲ್ಲಿ ಅದೂ ಇಲ್ಲ, ಉಳಿಸಿಡದ ಲೆಕ್ಕವೂ ಹೋಯಿತು. ಇನಿಟನ್ನು ಎರಡು ಬಾರಿ ಕರೆಯುವುದಕ್ಕೂ ಅಡ್ಡಿಯಿಲ್ಲ. ಆಗ ಮೊದಲು ಪಡೆದ ಸ್ಥಳದ ವಿಳಾಸ ಕಳೆದು ಸ್ಮೃತಿ ಸೋರುತ್ತದೆ.

ಇದಕ್ಕೆಂದೇ ಸೈಥಾನಿನಲ್ಲಿ ‘ಸಿಇನಿಟ್’ ಎಂಬ ವಿಧಾನವಿದೆ. ವಸ್ತು ನಿರ್ಮಾಣವಾಗುವಾಗ ಅದು ಇನಿಟಿಗಿಂತ ಮೊದಲು, ಒಂದೇ ಬಾರಿ, ತಪ್ಪದೆ ನಡೆಯುತ್ತದೆ. ಮಾತೃವರ್ಗದ ಸಿಇನಿಟ್ ಉಪವರ್ಗದ್ದಕ್ಕಿಂತ ಮುಂಚೆ ತಾನಾಗಿಯೇ ನಡೆಯುವುದರಿಂದ ಮರೆವಿಗೆ ಎಡೆಯಿಲ್ಲ. ಏರಿ, ತೂಬುಗಳಾದ ಮೇಲಲ್ಲವೇ ನೀರು! ಆದರೆ ಈ ಹಂತದಲ್ಲಿ ವಸ್ತು ಅರ್ಧಸಿದ್ಧವಾಗಿರುತ್ತದೆ. ಅದರ ಇತರ ವಿಧಾನಗಳನ್ನು ಇಲ್ಲಿಂದ ಕರೆಯದಿರುವುದು ಕ್ಷೇಮ.

ಬೇಡಿದ ಸ್ಮೃತಿ ದೊರೆಯದಿದ್ದರೆ ಸಿಇನಿಟ್ ದೋಷವನ್ನು ಸಾರಬೇಕು. ಆಗಲೂ ವಿಸರ್ಜನೆಯ ‘ಡೀಅಲಾಕ್’ ವಿಧಾನ ನಡೆದೇ ನಡೆಯುತ್ತದೆ. ಎಲ್ಲವೂ ಸಿದ್ಧವಾಗಿತ್ತೆಂದು ಅದು ನಂಬಕೂಡದು. ಸ್ಥಳವನ್ನು ಹಿಂದಿರುಗಿಸುವ ಸಿ ಭಾಷೆಯ ‘ಫ್ರೀ’ ಶೂನ್ಯವಿಳಾಸವನ್ನು ಕೊಟ್ಟರೂ ಸುಮ್ಮನಿರುತ್ತದೆಂಬುದು ಸಮಾಧಾನ.

ಪಠ್ಯಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ‘ಮ್ಯಾಲಾಕ್’ ಕೊಡುವ ಸ್ಥಳದಲ್ಲಿ ಹಿಂದಿನ ಬಳಕೆಯ ಕಸ ಉಳಿದಿರಬಹುದು. ‘ಕ್ಯಾಲಾಕ್’ ಅದನ್ನು ಸೊನ್ನೆಗಳಿಂದ ತುಂಬಿಕೊಡುತ್ತದೆ. ಗಣಕದ ದೃಷ್ಟಿಯಿಂದ ಅದು ನಿರಪಾಯ. ನಮಗಾದರೋ ಸೊನ್ನೆಯೆಂದರೆ ಬತ್ತಿದ ಕೆರೆ! ಅಳೆಯದ ದಿನವನ್ನೂ ಒಣಗಿದ ದಿನವನ್ನೂ ಬೇರ್ಪಡಿಸಬೇಕಾದರೆ, 366 ಮನೆಗಳಲ್ಲಿಯೂ ‘ಸಂಖ್ಯೆಯಲ್ಲ’ ಎಂಬ ವಿಶೇಷ ಮೌಲ್ಯವನ್ನು ಸಿಇನಿಟಿನಲ್ಲಿಯೇ ತುಂಬಿಡಬೇಕು.